ಹುಳುಕು ಹಲ್ಲು

ಹಲ್ಲು ಕೊಳೆತರೆ ‘ಹುಳು ಹಿಡಿದಿದೆ’ ಎನ್ನುವುದು ಜನರ ವಾಡಿಕೆ. ಹುಳುವೇನೂ ಅಲ್ಲಿರುವುದಿಲ್ಲ, ಹಲ್ಲನ್ನು ತಿನ್ನುವುದು ಆಮ್ಲ. ಬರ್ಲಿನ್ ನಗರದಲ್ಲಿದ್ದ ಅಮೆರಿಕದ ದಂತವೈದ್ಯ ಡಬ್ಲ್ಯು. ಡಿ. ಮಿಲ್ಲರನು ಕಿತ್ತ ಹಲ್ಲುಗಳನ್ನು ರೊಟ್ಟಿ ಬೆರೆಸಿದ ಜೊಲ್ಲಿನಲ್ಲಿ ನೆನೆಯಿಟ್ಟು ನೋಡಿದನು. ಅವುಗಳ ಸುಣ್ಣಾಂಶ ಕರಗಿತು. ಜೊಲ್ಲನ್ನು ಮೊದಲೇ ಕುದಿಸಿದಾಗ ಹಲ್ಲಿಗೆ ಏನೂ ಆಗಲಿಲ್ಲ. ಕುದಿಸಿದಾಗ ಸತ್ತ ಸೂಕ್ಷ್ಮಜೀವಿಗಳೇ ರೊಟ್ಟಿಯಿಂದ ಆಮ್ಲವನ್ನು ತಯಾರಿಸುತ್ತಿದ್ದುವೆಂದು ಇದರಿಂದ ತಿಳಿಯಿತು. ಇದನ್ನೆಲ್ಲ ವಿವರಿಸುವ ಅವನ ಇಂಗ್ಲಿಷ್ ಗ್ರಂಥ 1890ರಲ್ಲಿ ಹೊರಬಂದಿತು.

ಹಲ್ಲಿನ ಮೇಲಣ ಎನಾಮೆಲ್ ದೇಹದಲ್ಲೆಲ್ಲ ಅತ್ಯಂತ ಗಟ್ಟಿಯಾದ ವಸ್ತು. ಆದರೂ ಅದರ ಸುತ್ತಲಿನ ಪಿ.ಎಚ್. ಅಂಕ ಸುಮಾರು 5.5ಕ್ಕಿಂತ ಕೆಳಗಿಳಿದರೆ ಅದು ಕರಗತೊಡಗುತ್ತದೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಹೀಗಾಗುವುದುಂಟು. ಆಮ್ಲವನ್ನು ಶಮನಗೊಳಿಸಲು ಜೊಲ್ಲಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಬಳಿಕ ಅದು ಕಳೆದ ಸುಣ್ಣಾಂಶವನ್ನು ಅಷ್ಟಿಷ್ಟು ಮರಳಿ ತುಂಬುತ್ತದೆ. ಆದುದರಿಂದ ಊಟದೊಡನೆ ಒಮ್ಮೆ ತಿಂದ ಹೋಳಿಗೆಗಿಂತ ದಿನವಿಡೀ ಚೀಪುವ ಪೆಪ್ಪರಮಿಂಟೇ ಹಲ್ಲಿಗೆ ಹೆಚ್ಚು ಕೇಡು. ನಿದ್ರೆಯಲ್ಲಿ ಜೊಲ್ಲು ಕಡಮೆಯಾಗುವುದರಿಂದ ಮಲಗುವ ಮುನ್ನ ಹಲ್ಲುಜ್ಜುವುದು ಅಗತ್ಯ. ಎಷ್ಟೋ ಮನೆಗಳಲ್ಲಿ ಉಜ್ಜುವುದು ಬೆಳಿಗ್ಗೆ ಮಾತ್ರ!

ದಂತಚೂರ್ಣ, ಪೇಸ್ಟುಗಳಲ್ಲಿ ಸೇರಿಸುವ ಫ್ಲೋರೈಡ್ ಎನಾಮೆಲನ್ನು ಆಮ್ಲಕ್ಕೆ ಸುಲಭವಾಗಿ ಕರಗದಂತೆ ಮಾಡುತ್ತದೆ. ಆದರೆ ಎಳೆಯ ವಯಸ್ಸಿನಲ್ಲಿ ಕುಡಿದ ನೀರಿನಲ್ಲಿ ಅದು ಅತಿಯಾಗಿದ್ದರೆ ಹಲ್ಲಿನ ಮೇಲೆ ಕಂದು ಕಲೆಗಳು ಮೂಡುತ್ತವೆ. ಕೋಲಾರ, ತುಮಕೂರು ಜಿಲ್ಲೆಗಳ ಕೆಲವು ಊರುಗಳಲ್ಲಿ ಅಂಥ ಹಲ್ಲುಗಳನ್ನು ಕಾಣಬಹುದು.