ಅಸುರನ ವರಕ್ಕೂ ಒಂದು ಕಿಂಡಿ ಬೇಕು

ಕಾಸರಗೋಡು: ನಾಲ್ಕು ಜನ ಕೂಡಿ ಒಂದು ಮಾಯಾಲೋಕ ಕಟ್ಟಲು ಕುಳಿತರೆ ಮೊದಲ ಜಗಳ ಅಲ್ಲಿನ ಕುಲಗಳದ್ದೇ. ಒಬ್ಬನಿಗೆ ರೆಕ್ಕೆಯವರು ಮೇಲಾಗಬೇಕು, ಇನ್ನೊಬ್ಬನಿಗೆ ಕೊಂಬಿನವರು. ಬಲವೆಲ್ಲ ಒಂದೇ ಕಡೆ ಸೇರಿದರೆ ಕಥೆ ಅಲ್ಲಿಗೇ ಖಲಾಸ್!

1974ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಟ ಇದಕ್ಕೊಂದು ಉಪಾಯ ಮಾಡಿತು. ಕುಳ್ಳ ‘ಡ್ವಾರ್ಫ್’ಗೆ ಮಾಟ ಮಂತ್ರ ತಟ್ಟುತ್ತಿದ್ದದ್ದು ಕಡಿಮೆ. ಆದರೆ ಅವನು ಆರನೇ ಹಂತ ದಾಟುವಂತಿರಲಿಲ್ಲ. ವಿಶೇಷ ಶಕ್ತಿಯಿಲ್ಲದ ಮನುಷ್ಯನಿಗೆ ಆ ಮಿತಿಯೇ ಇರಲಿಲ್ಲ.

ಯಕ್ಷಗಾನ ನೋಡಿ ಬೆಳೆದ ಗಡಿನಾಡಿನವರಿಗೆ ಈ ಲೆಕ್ಕ ಹೊಸತೇನಲ್ಲ. ದೇವ, ದಾನವ, ಯಕ್ಷ, ಗಂಧರ್ವ, ವಾನರರೆಲ್ಲ ಇರುವ ಪುರಾಣಲೋಕ ಎಲ್ಲ ಕವಿಗಳಿಗೂ ಸೇರಿದ್ದು. ಕುಂಬಳೆಯ ಪಾರ್ತಿಸುಬ್ಬ ರಾಮಾಯಣದ ಪ್ರಸಂಗಗಳನ್ನು ಕಟ್ಟಿದ್ದೂ ಅದರೊಳಗೇ. ಅಲ್ಲಿ ಬಲಕ್ಕೆ ಮಿತಿ ಹಾಕುವುದು ಅಂಕಿಯಲ್ಲ, ಅಹಂಕಾರ. ರಾವಣ ದೇವದಾನವರಿಂದ ಸಾವು ಬೇಡವೆಂದ. ನರ ವಾನರರನ್ನು ಲೆಕ್ಕಕ್ಕೇ ಇಡಲಿಲ್ಲ. ಮಹಿಷಾಸುರ ‘ಹೆಣ್ಣು ಏನು ಮಾಡ್ಯಾಳು?’ ಎಂದುಕೊಂಡ. ಬಿಟ್ಟ ಕಿಂಡಿಯಿಂದಲೇ ಸಾವು ಒಳಬಂತು.

ಹಾಗೆಂದು ಸೋಲುವವನನ್ನು ರಂಗ ಕೀಳಾಗಿ ಕಾಣುವುದಿಲ್ಲ. ತೆಂಕುತಿಟ್ಟಿನಲ್ಲಿ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು ಸುಣ್ಣದ ಚುಟ್ಟಿ, ತೆರೆಯ ಹಿಂದಿನಿಂದಲೇ ಅಬ್ಬರ. ರಕ್ಕಸ ಸಪ್ಪೆಯಾದರೆ ಗೆದ್ದ ದೇವರೂ ಸಪ್ಪೆಯೇ.

ಮನೆಯ ಮಕ್ಕಳು ಇಂದು ಮೊಬೈಲಿನ ‘ಎಲ್ಫ್’ಗಳನ್ನು ಚೆನ್ನಾಗಿ ಬಲ್ಲರು. ಒಂದು ರಾತ್ರಿ ಆಟಕ್ಕೂ ಕರೆದೊಯ್ದರೆ, ತಮ್ಮದೇ ಲೋಕ ಹೊಸೆಯುವಾಗ ಕೇಳಬೇಕಾದ ಪ್ರಶ್ನೆ ಅವರಿಗೆ ಅಲ್ಲೇ ಸಿಕ್ಕೀತು: ಇಷ್ಟು ಬಲವಿರುವ ಇವನು ಲೆಕ್ಕಕ್ಕೆ ಇಡದೆ ಬಿಟ್ಟದ್ದು ಯಾರನ್ನು?