ಗಾಡಿಯ ಮೇಲೆ ದೊಡ್ಡದು, ಚೀಲದ ಮೇಲೆ ಬೇಡ

2017ರಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯ ಹಳ್ಳಿಗಳಲ್ಲಿ ಸಾವಿರಾರು ಮನೆಗಳ ಹೊರಗೋಡೆಯ ಮೇಲೆ ಒಂದೇ ಬರಹ ಮೂಡಿತು. ತಾನು ಬಡ ಕುಟುಂಬದವನು, ಆಹಾರ ಭದ್ರತಾ ಕಾಯ್ದೆಯಡಿ ರೇಷನ್ ಪಡೆಯುತ್ತೇನೆ ಎಂದು ಮನೆಯ ಯಜಮಾನನೇ ಸಾರಿಕೊಂಡಂತೆ ಅದನ್ನು ಬರೆಸಲಾಗಿತ್ತು. ಉಳ್ಳವರು ಪಟ್ಟಿಯಲ್ಲಿ ನುಸುಳದಿರಲಿ ಎಂಬುದು ಆಡಳಿತದ ಸಮಜಾಯಿಷಿ. ಬ್ರ್ಯಾಂಡಿಂಗ್ ಪಾಠ ಹೇಳುವವರು ಬಯಸುವುದೆಲ್ಲ ಆ ಗೋಡೆಗಳಲ್ಲಿತ್ತು: ಎಲ್ಲ ಕಡೆ ಒಂದೇ ಮಾತು, ದೊಡ್ಡ ಅಕ್ಷರ, ಹೋಗಿ ಬರುವವರ ಕಣ್ಣಿಗೆ ಬೀಳುವ ಜಾಗ. ಗೋಡೆಯ ಒಳಗಿದ್ದವರಿಗೆ ಅದು ಶುದ್ಧ ಅವಮಾನವಾಗಿತ್ತು.

ಅದು ಸರ್ಕಾರದ ಕೆಲಸ, ನಿಜ. ಆದರೂ ಹಸಿದವರಿಗೆ ಊಟ ಒದಗಿಸುವ ಸಂಸ್ಥೆಯೊಂದಕ್ಕೆ ಹೆಸರು, ಲೋಗೊ, ಬಣ್ಣ, ಬೋರ್ಡು ಮಾಡಿಕೊಡಲು ಕೂರುವ ಡಿಸೈನರ್ ಮೊದಲು ನೋಡಬೇಕಾದದ್ದು ಆ ಗೋಡೆಗಳ ಫೋಟೊ. ಸೋಪು, ಬಿಸ್ಕತ್ತಿನ ವ್ಯಾಪಾರದಲ್ಲಿ ದುಡ್ಡು ಕೊಡುವವನೂ ಬಳಸುವವನೂ ಸಾಮಾನ್ಯವಾಗಿ ಒಬ್ಬನೇ. ಇಲ್ಲಿ ಹಾಗಲ್ಲ. ಕೊಡುವವರು ಬೇರೆ, ಉಣ್ಣುವವರು ಬೇರೆ. ಕೊಡುವವರಿಗೆ ಸಂಸ್ಥೆ ಎದ್ದು ಕಾಣಬೇಕು. ಇಲ್ಲದಿದ್ದರೆ ದುಡ್ಡು ಬರುವುದಿಲ್ಲ. ಉಣ್ಣುವವರಿಗೆ ಅದೇ ಗುರುತು ತಮ್ಮ ಬೆನ್ನಿಗೆ ಅಂಟಬಾರದು. ಲೋಗೊ ಎಲ್ಲಿ ಕಂಡರೂ ಒಂದೇ ಜೋರಿನಲ್ಲಿ ಕೂಗಬೇಕು ಎಂಬ ಡಿಸೈನ್ ಕಾಲೇಜಿನ ಪಾಠ ಈ ಕ್ಷೇತ್ರದ ಮಟ್ಟಿಗೆ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಮೆರಿಕದವರು ಇದನ್ನು ಕಲಿಯಲು ಆರೂವರೆ ದಶಕ ತೆಗೆದುಕೊಂಡರು. 1939ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಫುಡ್ ಸ್ಟಾಂಪ್ ಶುರು ಮಾಡಿತು. ಬಡ ಕುಟುಂಬ ಒಂದು ಡಾಲರ್ ಕೊಟ್ಟು ಕಿತ್ತಳೆ ಬಣ್ಣದ ಚೀಟಿ ಕೊಂಡರೆ ಐವತ್ತು ಸೆಂಟಿನ ನೀಲಿ ಚೀಟಿ ಪುಕ್ಕಟೆ. ನೀಲಿ ಚೀಟಿಗೆ ಸಿಗುತ್ತಿದ್ದದ್ದು ಮಾರುಕಟ್ಟೆಯಲ್ಲಿ ಮಿಕ್ಕಿದೆ ಎಂದು ಸರ್ಕಾರ ಗುರುತಿಸಿದ ಪದಾರ್ಥ ಮಾತ್ರ. ಲೆಕ್ಕಪತ್ರಕ್ಕೆ ಅಚ್ಚುಕಟ್ಟಾದ ವ್ಯವಸ್ಥೆ. ಆದರೆ ಅಂಗಡಿಯ ಸಾಲಿನಲ್ಲಿ ನಿಂತು ಪರ್ಸಿನಿಂದ ಬಣ್ಣದ ಚೀಟಿ ತೆಗೆದ ಹೆಂಗಸಿನ ಕಷ್ಟ ಹಿಂದೆ ನಿಂತವರಿಗೆಲ್ಲ ಗೊತ್ತಾಗುತ್ತಿತ್ತು. ಮೊದಲ ಯೋಜನೆ 1943ರಲ್ಲಿ ನಿಂತು ಅರವತ್ತರ ದಶಕದಲ್ಲಿ ಮತ್ತೆ ಬಂದಾಗಲೂ ಚೀಟಿಯೇ ಉಳಿಯಿತು. ಅದು ಹೋಗಿ ಬ್ಯಾಂಕಿನ ಕಾರ್ಡಿನಂತೆ ಉಜ್ಜುವ ಕಾರ್ಡು ದೇಶದಾದ್ಯಂತ ಬಂದದ್ದು 2004ರ ಹೊತ್ತಿಗೆ. ಹೊರಗಿನವರಿಗೆ ಕಾಣದಂತೆ ಮಾಡುವುದೂ ಡಿಸೈನರ್ ಕೆಲಸವೇ. ಅದಕ್ಕೆ ಪ್ರಶಸ್ತಿ ಬರುವುದಿಲ್ಲ, ಅಷ್ಟೇ.

ಹೆಸರಿನ ವಿಚಾರವೂ ಇದೇ ಜಾಡಿನದು. ಜಗತ್ತಿನ ಮೊದಲ ಫುಡ್ ಬ್ಯಾಂಕ್ ಎಂದು ಹೆಸರಾದದ್ದು ಅರಿಜೋನಾದ ಫೀನಿಕ್ಸ್‌ನಲ್ಲಿ 1967ರಲ್ಲಿ ಜಾನ್ ವಾನ್ ಹೆಂಗೆಲ್ ಕಟ್ಟಿದ ಸೇಂಟ್ ಮೇರೀಸ್. ಅಂಗಡಿಯವರು ಎಸೆದ ಪದಾರ್ಥಗಳನ್ನು ಹೆಕ್ಕಿ ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬಳು, ಆಹಾರವನ್ನು ಇಡುವುದಕ್ಕೂ ಬೇಕಾದಾಗ ತೆಗೆಯುವುದಕ್ಕೂ ಬ್ಯಾಂಕಿನಂಥದ್ದೊಂದು ಇರಬೇಕಿತ್ತು ಎಂದಳಂತೆ. ಆ ಹೆಸರಿಟ್ಟವಳು ಉಣ್ಣುವವಳೇ ಎಂಬುದು ಗಮನಿಸಬೇಕಾದ ಸಂಗತಿ. ಅಂಥ ಬ್ಯಾಂಕುಗಳ ರಾಷ್ಟ್ರೀಯ ಒಕ್ಕೂಟ ಬಹುಕಾಲ 'ಸೆಕೆಂಡ್ ಹಾರ್ವೆಸ್ಟ್' ಎಂಬ ಹೆಸರನ್ನು ಹೊತ್ತು ನಡೆಯಿತು. ಕೇಳಲು ಚೆಂದ, ಆದರೆ ಏನು ಮಾಡುವ ಸಂಸ್ಥೆ ಎಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. 2008ರಲ್ಲಿ ಅದು 'ಫೀಡಿಂಗ್ ಅಮೆರಿಕ' ಆಯಿತು. ದಾನಿಗೆ ಈಗ ಗೊಂದಲವಿಲ್ಲ. ಆದರೆ ಈ ಹೆಸರಿನಲ್ಲಿ ಉಣಿಸುವವನು ಕರ್ತೃ. ಉಣ್ಣುವವನು ಬಾಯಿ ತೆರೆದು ಕಾಯುವವನು. ಲಾಭದ ಜೊತೆಗೆ ಬಂದ ನಷ್ಟವಿದು.

ನಮ್ಮಲ್ಲಿ 2000ದ ಜೂನ್‌ನಲ್ಲಿ ಬೆಂಗಳೂರಿನ ಐದು ಶಾಲೆಗಳ 1500 ಮಕ್ಕಳಿಗೆ ಊಟ ಕೊಡುತ್ತ ಶುರುವಾದ ಅಕ್ಷಯ ಪಾತ್ರೆಯ ಹೆಸರು ಈ ದೃಷ್ಟಿಯಿಂದ ಜಾಣತನದ್ದು. ಅದರಲ್ಲಿ ಕೊಡುವವರಿಲ್ಲ, ಹಸಿದವರಿಲ್ಲ; ಇರುವುದು ಪಾತ್ರೆ ಮಾತ್ರ. ದ್ರೌಪದಿಯ ಕಥೆ ಗೊತ್ತಿರುವ ಅಜ್ಜಿಗೆ ವಿವರಿಸಬೇಕಾಗಿಲ್ಲ. 2014ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ ರಾಬಿನ್ ಹುಡ್ ಆರ್ಮಿ ಬೇರೆ ದಾರಿ ಹಿಡಿಯಿತು. ಅವರು ಹಣ ಪಡೆಯುವುದಿಲ್ಲ. ಹೋಟೆಲಿನಲ್ಲಿ ಮಿಕ್ಕ ಊಟ ಮತ್ತು ಕಾರ್ಯಕರ್ತರ ಸಮಯವೇ ಅವರ ಬಂಡವಾಳ. ಹಾಗಾಗಿ ಹೆಸರು ಕರೆಯುವುದು ಕಾರ್ಯಕರ್ತರನ್ನು. ಅಲ್ಲಿ ಸೇರಿದವರೆಲ್ಲ 'ರಾಬಿನ್'ಗಳೇ. ಹಣ ಬೇಡದ ಸಂಸ್ಥೆಗೆ ಹುಮ್ಮಸ್ಸಿನ ಹುಡುಗರು ಬೇಕು. ಅವರಿಗೆ ಬೇಕಾದ ಹೆಸರು ಅದು, ಸರಿಯಾಗಿದೆ.

ಇನ್ನು ಅಕ್ಷರ. ಕಂಪ್ಯೂಟರ್ ಪರದೆಯ ಮೇಲೆ ಎಲ್ಲ ಲೋಗೊಗಳೂ ಚೆನ್ನಾಗಿಯೇ ಕಾಣುತ್ತವೆ. ಅನ್ನದ ಸಂಸ್ಥೆಯ ಲೋಗೊಗೆ ನಿಜವಾದ ಪರೀಕ್ಷೆ ನಡೆಯುವುದು ಪಾತ್ರೆ ಅಂಗಡಿಯಲ್ಲಿ. ಕೊಳಗ, ಸೌಟು, ಬಕೆಟ್ಟು ಕೊಂಡ ಮೇಲೆ ಹೆಸರು ಹಾಕಿಸಬೇಕಲ್ಲ? ಮದುವೆ ಮನೆಗೆ ಹೋದ ಬಕೆಟ್ಟು ತಿರುಗಿ ಬರಬೇಕಾದರೆ ಮೈಮೇಲೆ ಹೆಸರಿರಲೇಬೇಕು. ಅಂಗಡಿಯ ಮೂಲೆಯಲ್ಲಿ ಕೂತವನು ಕರೆಂಟಿನ ಸಣ್ಣ ಯಂತ್ರವನ್ನು ಪೆನ್ನಿನಂತೆ ಹಿಡಿದು, ಟರ್ರ್ ಎಂದು ಸದ್ದು ಮಾಡುತ್ತ ಸ್ಟೀಲಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಅಕ್ಷರ ಕೊರೆಯುತ್ತಾನೆ. ಅವನ ಕೈಯಲ್ಲಿ ದಪ್ಪ ಗೆರೆ, ತೆಳು ಗೆರೆ, ನೆರಳು, ಒಂದರೊಳಗೊಂದು ಕರಗುವ ಬಣ್ಣ ಯಾವುದೂ ಉಳಿಯುವುದಿಲ್ಲ. 'ಅನ್ನಪೂರ್ಣ' ಎಂದು ಬರೆಯಹೊರಟರೆ ನ ಕೆಳಗಿನ ಒತ್ತಿಗೆ ಬಕೆಟ್ಟಿನ ಅಂಚಿನಲ್ಲಿ ಜಾಗ ಸಾಲದೆ ಕೆಳಗಿನ ಸಾಲಿನ ಮೇಲೆ ಹತ್ತಿ ಕೂರುತ್ತದೆ. ಇಂಗ್ಲಿಷ್ ಅಕ್ಷರ ಮೊದಲು ಬರೆದು, ಆ ಅಳತೆಯೊಳಗೆ ಕನ್ನಡವನ್ನು ತುರುಕುವ ಅಭ್ಯಾಸದ ಫಲ ಅಲ್ಲಿ ಎದ್ದು ಕಾಣುತ್ತದೆ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ 2024ರ ತಿದ್ದುಪಡಿ ಕಾಯ್ದೆಯ ಮಾತು ಹಾಗಿರಲಿ; ಮೇಲೆ ಗುಡಿಸಿಗೆ, ಕೆಳಗೆ ಒತ್ತಿಗೆ ಉಸಿರಾಡಲು ಜಾಗ ಬಿಟ್ಟು ಕನ್ನಡವನ್ನೇ ಮೊದಲು ಕೂರಿಸಿದರೆ ಇಂಗ್ಲಿಷ್ ತಾನಾಗಿ ಪಕ್ಕಕ್ಕೆ ಹೊಂದಿಕೊಳ್ಳುತ್ತದೆ.

ಬಟ್ಟೆ ಚೀಲದ ಸ್ಕ್ರೀನ್ ಪ್ರಿಂಟಿಗೂ ಇದೇ ನ್ಯಾಯ. ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನು, ಬೇರೆ ಖರ್ಚು. ರಸೀದಿ ಪುಸ್ತಕದ ರಬ್ಬರ್ ಸ್ಟಾಂಪಿಗಂತೂ ಬಣ್ಣವೇ ಒಂದು. ಆದ್ದರಿಂದ ಒಂದೇ ಬಣ್ಣದಲ್ಲಿ, ಕೈಯಲ್ಲೂ ಬರೆಯಬಹುದಾದ ಗುರುತು ಬೇಕು. 'ಫುಡ್ ನಾಟ್ ಬಾಂಬ್ಸ್' ಎಂಬ ಚಳವಳಿ 1980ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಶುರುವಾಯಿತು. ಕ್ಯಾರೆಟ್ ಹಿಡಿದ ಮುಷ್ಟಿ ಅವರ ಚಿಹ್ನೆ. ಯಾವ ಊರಿನ ಗುಂಪು ಬೇಕಾದರೂ ಅದನ್ನು ರಟ್ಟಿನ ಮೇಲೆ ಗೀಚಿಕೊಂಡು ಕೆಲಸ ಶುರು ಮಾಡಬಹುದು. ಬ್ರ್ಯಾಂಡ್ ಮ್ಯಾನುಯಲ್ ಎಂಬ ದಪ್ಪ ಪುಸ್ತಕವಿಲ್ಲದೆಯೂ ಆ ಗುರುತು ನಾಲ್ಕು ದಶಕ ದಾಟಿ ಬಾಳಿದೆ.

ಬಣ್ಣ ಆರಿಸುವುದು ನಮ್ಮ ದೇಶದಲ್ಲಿ ತಂತಿಯ ಮೇಲಿನ ನಡಿಗೆ. ಕೇಸರಿ ಹಾಕಿದರೆ ಒಂದು ಪಕ್ಷ, ನೀಲಿ ಹಾಕಿದರೆ ಇನ್ನೊಂದು. ಹಸಿರಿಗೆ ಬೇರೆಯದೇ ತೊಡಕಿದೆ. ಚೌಕದೊಳಗಿನ ಹಸಿರು ಚುಕ್ಕೆ ನಮ್ಮ ಪೊಟ್ಟಣಗಳಲ್ಲಿ ಸಸ್ಯಾಹಾರದ ಕಾನೂನುಬದ್ಧ ಗುರುತು. ಮೊಟ್ಟೆಯನ್ನೋ ಚಿಕನ್ ಬಿರಿಯಾನಿಯನ್ನೋ ಹಂಚುವ ಸಂಸ್ಥೆ ದುಂಡನೆಯ ಹಸಿರು ಲೋಗೊ ಮಾಡಿಸಿಕೊಂಡು ಪೊಟ್ಟಣದ ಮೇಲೆ ಅಂಟಿಸಿದರೆ, ಓದು ಬಾರದವರಿಗೆ ಅದು ಸುಳ್ಳು ಹೇಳಿದಂತೆ. ಪೊಟ್ಟಣದ ಮೇಲೆ ಜಾಗ ಇರುವುದೇ ಅಂಗೈಯಗಲ. ಮಿಕ್ಕ ಆಹಾರ ಹಂಚುವವರಿಗಾಗಿ 2019ರಲ್ಲಿ ನಿಯಮಗಳೇ ಬಂದಿವೆ. ಒಳಗೆ ಏನಿದೆ, ಯಾವಾಗ ಮಾಡಿದ್ದು ಎಂಬುದಕ್ಕೆ ಆ ಜಾಗ ಮೊದಲು ಸಲ್ಲಬೇಕು. ಲೋಗೊ ಉಳಿದರೆ ಉಳಿಯಿತು.

ಹಾಗಾದರೆ ಲೋಗೊ ಗಂಟಲು ಬಿಟ್ಟು ಕೂಗಬಹುದಾದ ಜಾಗ ಎಲ್ಲಿ? ಗಾಡಿಯ ಮೇಲೆ. ರೋನಿ ಕಾನ್ 2004ರಲ್ಲಿ ಸಿಡ್ನಿಯಲ್ಲಿ ಕಟ್ಟಿದ ಓಜ್‌ಹಾರ್ವೆಸ್ಟ್‌ನ ಹಳದಿ ವ್ಯಾನುಗಳು ಅರ್ಧ ಕಿಲೋಮೀಟರ್ ದೂರದಿಂದಲೇ ಕಣ್ಣಿಗೆ ಹೊಡೆಯುತ್ತವೆ. ಹೊಡೆಯಲಿ. ವ್ಯಾನು ಹೋಗುವುದು ಹೋಟೆಲು, ಸೂಪರ್‌ಮಾರ್ಕೆಟ್ಟಿನ ಬಾಗಿಲಿಗೆ. ನೋಡುವವರು ನಾಳೆಯ ದಾನಿಗಳು. ಕಂಪನಿಗಳಿಗೆ ತೋರಿಸುವ ವರದಿ, ವೆಬ್‌ಸೈಟು, ಕಾರ್ಯಕರ್ತರ ಟೀ ಶರ್ಟು ಎಲ್ಲಿ ಬೇಕಾದರೂ ಹಾಕಿ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ, ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಎಲ್ಲೆಲ್ಲಿ ಹಾಕಬಹುದು ಎಂಬ ಪಟ್ಟಿಯ ಮೊದಲ ಬಾಬ್ತೇ ಹಸಿವಿನ ನಿವಾರಣೆ. ಆ ಹಣಕ್ಕೆ ಪೈಪೋಟಿ ಇರುವಾಗ ಅಂದದ ಗುರುತಿಗೆ ಖರ್ಚು ಮಾಡುವುದು ದುಂದುವೆಚ್ಚವೂ ಅಲ್ಲ.

ಊಟದ ಮನೆಯ ಬಾಗಿಲಿಗೆ ಬಂದಾಗ ದನಿ ಇಳಿಯಬೇಕು. ಬೆಲೆಯೂ ಇಲ್ಲಿ ವಿನ್ಯಾಸದ ಒಂದು ಭಾಗ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನ ಜಯನಗರದಲ್ಲಿ ಸರ್ಕಾರದ ಮೊದಲ ಇಂದಿರಾ ಕ್ಯಾಂಟೀನ್ ತೆರೆದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಟೋಕನ್ ಕೊಂಡವನು ಗಿರಾಕಿ. ಯಾಕೆ ಬಂದೆ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಆಟೊದವನ ಪಕ್ಕದಲ್ಲಿ ಕಾಲೇಜು ಹುಡುಗ ನಿಂತು ಉಣ್ಣಬಹುದು. ಅಷ್ಟು ಒಳ್ಳೆಯ ಏರ್ಪಾಟಿಗೆ ರಾಜಕೀಯದ ಹೆಸರು ಅಂಟಿದ್ದರಿಂದ 2021ರಲ್ಲಿ ಅದನ್ನು ಬದಲಿಸಿ ಅನ್ನಪೂರ್ಣೇಶ್ವರಿ ಎಂದಿಡಿ ಎಂಬ ಒತ್ತಾಯ ಎದ್ದಿತು. ವ್ಯಕ್ತಿಯ ಹೆಸರಿಟ್ಟ ಅನ್ನಕ್ಕೆ ಆ ವ್ಯಕ್ತಿಯ ವಿರೋಧಿಗಳೂ ಜೊತೆಗೇ ಬರುತ್ತಾರೆ. ನಮ್ಮ ಮಠಗಳ ದಾಸೋಹದ ಮನೆಗಳಿಗೆ ಲೋಗೊ ಇದ್ದದ್ದೇ ಇಲ್ಲ. ಹಾಗೆಂದು ಹಳೆಯದನ್ನೆಲ್ಲ ಹೊಗಳಬೇಕಿಲ್ಲ. ಪಂಕ್ತಿಯಲ್ಲಿ ಯಾರು ಎಲ್ಲಿ ಕೂರಬೇಕು ಎಂಬ ಭೇದ ಎಷ್ಟೋ ಕಡೆ ಯಾವ ಬೋರ್ಡೂ ಇಲ್ಲದೆಯೇ ನಡೆದುಕೊಂಡು ಬಂದಿದೆ.

ಲೋಗೊ ಒಪ್ಪುವ ಸಭೆಗೆ ಸಾಮಾನ್ಯವಾಗಿ ಬರುವವರು ಟ್ರಸ್ಟಿಗಳು, ಒಬ್ಬಿಬ್ಬರು ದೊಡ್ಡ ದಾನಿಗಳು, ಪ್ರೊಜೆಕ್ಟರ್ ಹಿಡಿದ ಡಿಸೈನರ್. ಚರ್ಚೆ ಎಲೆ ಇರಬೇಕೋ ಬಟ್ಟಲಿರಬೇಕೋ ಎಂಬುದರ ಸುತ್ತ. ನನ್ನನ್ನು ಕೇಳಿದರೆ, ಆ ದಿನ ಮಧ್ಯಾಹ್ನದ ಊಟ ಮುಗಿದ ಮೇಲೆ ನಾಲ್ಕು ಜನ ಹೆಂಗಸರನ್ನು ಕೂರಿಸಿಕೊಂಡು ಮಾದರಿ ಚೀಲ ಮುಂದಿಡಬೇಕು. ಲೋಗೊ ಹೇಗಿದೆ ಅಮ್ಮ ಎಂದು ಕೇಳಿದರೆ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಅನ್ನ ಕೊಟ್ಟವರ ಎದುರು ಇನ್ನೇನು ಹೇಳಿಯಾರು? ಇದನ್ನು ಹಿಡಿದುಕೊಂಡು ನಿಮ್ಮ ಬೀದಿಯಲ್ಲಿ ಮನೆವರೆಗೆ ಹೋಗ್ತೀರಾ ಎಂದು ಕೇಳಬೇಕು. ಅವರು ಚೀಲವನ್ನು ಒಳಮೈ ಹೊರಗೆ ಮಾಡಿ ಮಡಿಸಿದರೆ ಉತ್ತರ ಸಿಕ್ಕಿತು. ಖಾಲಿ ಬಿಳಿ ಚೀಲವನ್ನೇ ತರಿಸಿ. ಮುದ್ರಣದ ಖರ್ಚು ಉಳಿಯುತ್ತದೆ, ಆ ದುಡ್ಡಿಗೆ ಬೇಳೆ ಬರುತ್ತದೆ.