ಹೊಂಡದ ಹಾಳೆಗೂ ಹಾಸಿಗೆ ಬೇಕು



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಅಡಿಕೆ ಗಿಡ ಇಟ್ಟಿರುವ ನಮಗೆ ಮಾರ್ಚ್, ಏಪ್ರಿಲ್ ತಿಂಗಳುಗಳೇ ಪರೀಕ್ಷೆಯ ಕಾಲ. ವರ್ಷವಿಡೀ ಹರಿಯುವ ಹೊಳೆ ನಮಗಿಲ್ಲ. ಕೊಳವೆ ಬಾವಿ ಸಾವಿರ ಅಡಿ ದಾಟಿದರೂ ನೀರಿನ ಭರವಸೆಯಿಲ್ಲ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯಲ್ಲಿ ಹಾಳೆ ಹಾಸಿದ ಕೃಷಿ ಹೊಂಡಗಳು ಹೆಚ್ಚಿದವು. ಆದರೆ ಹಾಳೆಯ ದಪ್ಪವನ್ನು ವಿಚಾರಿಸುವ ನಾವು ಅದರ ಅಡಿಯಲ್ಲಿ ಏನಿದೆ ಎಂಬುದನ್ನು ವಿಚಾರಿಸುವುದಿಲ್ಲ. ನಾನೂ ವಿಚಾರಿಸಿರಲಿಲ್ಲ.

ನನ್ನ ಹೊಂಡ ಮೇಲ್ಭಾಗದಲ್ಲಿ 70 ಅಡಿ ಉದ್ದ, 70 ಅಡಿ ಅಗಲ. ಆಳ 10 ಅಡಿ. ದಂಡೆಯ ಇಳಿಜಾರು ಒಂದಕ್ಕೆ ಒಂದೂವರೆ. ಸುಮಾರು 8 ಲಕ್ಷ 75 ಸಾವಿರ ಲೀಟರ್ ನೀರು ಹಿಡಿಯುತ್ತದೆ. ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಎಕರೆಗೆ 550 ಮರವೆಂದರೆ ದಿನಕ್ಕೆ ಹತ್ತು ಸಾವಿರ ಲೀಟರ್. ಆವಿಯಾಗುವುದನ್ನು ಕಳೆದರೂ ತುಂಬಿದ ಹೊಂಡ ಒಂದು ಎಕರೆಯನ್ನು ಎರಡು ತಿಂಗಳು ಕಾಯುತ್ತದೆ. ಅಕ್ಟೋಬರಿನಲ್ಲಿ ತುಂಬಿದ ಹೊಂಡ ಸಂಕ್ರಾಂತಿಯ ವೇಳೆಗೆ ಮೊಣಕಾಲುದ್ದಕ್ಕೆ ಇಳಿಯಿತು. ಆ ಬೇಸಿಗೆ ಟ್ಯಾಂಕರ್ ನೀರು ಕೊಂಡು ಗಿಡ ಉಳಿಸಿಕೊಂಡೆ. ಹಾಳೆ ಎತ್ತಿ ನೋಡಿದರೆ ತಳದಲ್ಲಿ ಒಂಬತ್ತು ತೂತು. ಪ್ರತಿಯೊಂದರ ಕೆಳಗೂ ಬೆಣಚುಕಲ್ಲಿನ ಮೊನೆ!

ಕಾರಣ ಸರಳ. ಹತ್ತು ಅಡಿ ನೀರು ನಿಂತಾಗ ತಳದ ಪ್ರತಿ ಚದರ ಅಡಿಯ ಮೇಲೆ ಸುಮಾರು 280 ಕಿಲೋ ಭಾರ ಬೀಳುತ್ತದೆ. 500 ಮೈಕ್ರಾನ್ ಹಾಳೆಯೆಂದರೆ ಅರ್ಧ ಮಿಲಿಮೀಟರ್ ಮಾತ್ರ. ನಮ್ಮ ಕೆಮ್ಮಣ್ಣಿನ ಕೆಳಗೆ ಗರಸು, ಬೆಣಚುಕಲ್ಲು ಇದ್ದೇ ಇರುತ್ತದೆ. ಅಷ್ಟು ಭಾರ ಒಂದು ಮೊನೆಯ ಮೇಲೆ ಕೂತರೆ ಐ.ಎಸ್. 15351 ಗುರುತಿನ ಒಳ್ಳೆಯ ಹಾಳೆಯೂ ತಡೆಯಲಾರದು.

ಆದುದರಿಂದ ಮೊದಲು ನೆಲವನ್ನು ಸಿದ್ಧಮಾಡತಕ್ಕದ್ದು. ಕಲ್ಲು, ಬೇರು, ಕೂಳೆಗಳನ್ನು ಕೈಯಿಂದಲೇ ಆರಿಸಬೇಕು. ಜೇಕಿನ ಗಡ್ಡೆಯನ್ನು ಬುಡಸಹಿತ ತೆಗೆಯಬೇಕು. ಅದರ ಮೊಳಕೆ ಹಾಳೆಯನ್ನು ಚುಚ್ಚಿಕೊಂಡು ಮೇಲೆ ಬರುತ್ತದೆ. ಇಲಿಬಿಲ, ಗೆದ್ದಲು ಹುತ್ತಗಳನ್ನು ಅಗೆದು ಮುಚ್ಚಿ, ನೀರು ಚಿಮುಕಿಸಿ ದಮ್ಮಸು ಮಾಡಬೇಕು. ಅನಂತರ ಬರಿಗಾಲಿನಲ್ಲಿ ಒಮ್ಮೆ ಓಡಾಡಿ. ಕಾಲಿಗೆ ಚುಚ್ಚಿದ್ದು ಹಾಳೆಗೂ ಚುಚ್ಚುತ್ತದೆ.

ತಳಕ್ಕೆ ಜರಡಿ ಹಿಡಿದ ಕೆರೆಗೋಡು ಉತ್ತಮ. ಎರಡು ಅಂಗುಲ ದಪ್ಪಕ್ಕೆ ಹರಡಿ, ಹದವಾಗಿ ನೆನೆಸಿ ಬಡಿಯಿರಿ. ನನ್ನ ಹೊಂಡದ ತಳ 40ಕ್ಕೆ 40 ಅಡಿ; ಅದಕ್ಕೆ ಸುಮಾರು 270 ಘನ ಅಡಿ ಮಣ್ಣು ಹಿಡಿಯಿತು. ಒಣಗಿ ಬಿರುಕು ಬಿಡುವ ಮೊದಲೇ ಹಾಳೆ ಹಾಸಬೇಕು. ಕ್ರಷರ್ ಪುಡಿ ಹತ್ತಿರದಲ್ಲೇ ಸಿಗುತ್ತದೆಂದು ತರಬೇಡಿ. ಅದರ ಕಣಗಳಿಗೂ ಅಂಚು ಇರುತ್ತದೆ.

ಇಳಿಜಾರಿನಲ್ಲಿ ಸಡಿಲ ಮಣ್ಣು ನಿಲ್ಲದು. ಕೈಯಲ್ಲಿ ಹಣವಿದ್ದವರು ಚದರ ಮೀಟರಿಗೆ 200ರಿಂದ 300 ಗ್ರಾಂ ತೂಗುವ, ಕಂಬಳಿಯಂತಹ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು ಇಡೀ ಹೊಂಡಕ್ಕೆ ಹಾಸಬಹುದು. ನಾನು ಖಾಲಿ ಗೊಬ್ಬರದ ಚೀಲಗಳನ್ನು ತೊಳೆದು, ಬಿಚ್ಚಿ, ಪ್ಲಾಸ್ಟಿಕ್ ದಾರದಿಂದ ಹೊಲಿಸಿದೆ. ಒಂದು ಚೀಲ ಸುಮಾರು 10 ಚದರ ಅಡಿ ಮುಚ್ಚುತ್ತದೆ. ನಾಲ್ಕು ದಂಡೆಗೆ 400 ಚೀಲ ಬೇಕಾದವು. ಇದು ಜಿಯೋಟೆಕ್ಸ್‌ಟೈಲಿನಷ್ಟು ಮೆತ್ತಗಿಲ್ಲ, ಆದರೆ ಕೊಳೆಯುವುದಿಲ್ಲ. ಗೋಣಿತಟ್ಟು, ಹುಲ್ಲು, ಅಡಿಕೆ ಸೋಗೆ ಬೇಡವೇ ಬೇಡ. ಅವು ಕೊಳೆತರೆ ಅಡಿಯಲ್ಲಿ ಟೊಳ್ಳಾಗುತ್ತದೆ. ಗಾಳಿ ತುಂಬಿ ಹಾಳೆ ಉಬ್ಬುತ್ತದೆ.

ಹಾಳೆಯನ್ನು ಬೆಳಗಿನ ತಂಪಿನಲ್ಲಿ, ಬಿಗಿಯದೆ, ತುಸು ಸಡಿಲವಾಗಿ ಹಾಸಿ. ಅಂಚನ್ನು ಒಂದೂವರೆ ಅಡಿ ಆಳದ ಕಾಲುವೆಯಲ್ಲಿ ಹೂಳಿ. ಹಾಸಿದ ಹಾಳೆಯ ಮೇಲೆ ಚಪ್ಪಲಿ, ಗುದ್ದಲಿ ಬೇಡ.

ನೀರು ಸೋರುತ್ತಿದೆಯೋ ಆವಿಯಾಗುತ್ತಿದೆಯೋ ಎಂಬ ಅನುಮಾನವಿದ್ದರೆ ಒಂದು ಬಕೆಟ್ಟಿನಲ್ಲಿ ನೀರು ತುಂಬಿಸಿ ಹೊಂಡದ ಅಂಚಿನ ನೀರಿನಲ್ಲೇ ಕೂರಿಸಿ. ಎರಡೂ ಕಡೆ ನೀರಿನ ಮಟ್ಟಕ್ಕೆ ಗುರುತು ಹಾಕಿ. ನೀರೆತ್ತದೆ, ಮಳೆಯಿಲ್ಲದ ಮೂರು ದಿನ ಬಿಟ್ಟು ನೋಡಿ. ಬಕೆಟ್ಟಿಗಿಂತ ಹೊಂಡ ಹೆಚ್ಚು ಇಳಿದಿದ್ದರೆ ಅದು ಸೋರಿಕೆ. ಇಳಿತ ಎಲ್ಲಿ ನಿಧಾನವಾಗುತ್ತದೋ ಆ ಮಟ್ಟದ ಸುತ್ತ ತೂತನ್ನು ಹುಡುಕಿ.

ಕೊನೆಯದಾಗಿ ಒಂದು ಮುಖ್ಯ ಮಾತು. ಹಾಳೆ ಬಹಳ ಜಾರುತ್ತದೆ. ಬಿದ್ದವರು ಹತ್ತಿ ಬರುವುದು ಕಷ್ಟ. ಕೃಷಿ ಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ನಾವೆಲ್ಲ ಓದಿದ್ದೇವೆ. ಸುತ್ತ ಬೇಲಿ ಹಾಕಿ, ನಾಲ್ಕು ಮೂಲೆಯಲ್ಲೂ ಗಂಟು ಹಾಕಿದ ಹಗ್ಗ ಇಳಿಬಿಡಿ.

ನನ್ನ ಹೊಂಡಕ್ಕೆ ಹೀಗೆ ಹಾಸಿಗೆ ಹಾಕಿ ಹಾಳೆ ಬದಲಿಸಿದ ಮೇಲೆ ಟ್ಯಾಂಕರನ್ನು ಕರೆಸಿಲ್ಲ. ಈ ಬೇಸಿಗೆಯಲ್ಲಿ ಹೊಂಡ ತೋಡಿಸುವ ಸದಸ್ಯರು ಹಾಳೆ ಕೊಳ್ಳುವ ಮೊದಲು ಚೀಲ ಕೂಡಿಡಲು ಆರಂಭಿಸಿರಿ. ಬಂದು ನೋಡುವವರಿಗೆ ನನ್ನ ತೋಟದ ಗೇಟು ತೆರೆದೇ ಇದೆ.

– ಕಾರ್ಯದರ್ಶಿ